ದುಡ್ಡು ಎಲ್ಲಿಂದ ಬರುತ್ತದೋ ಕೆಲಸ ಆ ಕಡೆಗೇ ವಾಲುತ್ತಿದೆ, ನಿಮಗೂ ಹೀಗಾಗಿದೆಯಾ?

ಗೆರೆಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿ ಕಡೆಯವನು. ಅಲ್ಲೇ ಬಿವಿಎ (ದೃಶ್ಯಕಲೆಯ ಪದವಿ) ಮುಗಿಸಿ, ಬೆಂಗಳೂರಿಗೆ ಬಂದು ಎಂವಿಎ ಮಾಡಿ, ಈಗ ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ವಾರವೆಲ್ಲ ಮಕ್ಕಳಿಗೆ ಗಣರಾಜ್ಯೋತ್ಸವದ ಚಾರ್ಟು, ಆನ್ಯುಯಲ್ ಡೇ ಬ್ಯಾಕ್‌ಡ್ರಾಪು. ನನ್ನ ಕೆಲಸ ಏನಿದ್ದರೂ ಶನಿವಾರ ಮಧ್ಯಾಹ್ನದ ಮೇಲೆ.

ಮಾಡುತ್ತಿರುವುದು ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಹಳೇ ಮನೆಗಳಿಗೆಲ್ಲ ನೆಲಕ್ಕೆ ಶಹಾಬಾದ್ ಕಲ್ಲು, ನಾವು ಪರ್ಸಿ ಅನ್ನುತ್ತೇವೆ. ವರ್ಷಗಟ್ಟಲೆ ಓಡಾಡಿ ಓಡಾಡಿ ಅದು ಒಂದೊಂದು ಕಡೆ ಒಂದೊಂದು ಥರ ಸವೆದಿರುತ್ತದೆ. ಹೊಸ್ತಿಲ ಹತ್ತಿರ ತಗ್ಗು, ಒಲೆ ಮುಂದೆ ನುಣುಪು, ಬೀಸುವ ಕಲ್ಲು ಇದ್ದ ಜಾಗದಲ್ಲಿ ದುಂಡನೆ ಗೀರು. ಈಗ ಎಲ್ಲರೂ ಅದನ್ನು ಕಿತ್ತು ಟೈಲ್ಸ್ ಹಾಕಿಸುತ್ತಿದ್ದಾರೆ. ಕೀಳುವ ಮುಂಚೆ ಹೋಗಿ, ಕಲ್ಲಿನ ಮೇಲೆ ತೆಳು ಮಲ್ ಬಟ್ಟೆ ಹಾಸಿ, ಇದ್ದಿಲು ಉಜ್ಜಿ ಇಡೀ ಕೋಣೆಯ ನೆಲದ ಅಚ್ಚು ತೆಗೆಯುತ್ತೇನೆ. ಬಟ್ಟೆ ಮೇಲೆತ್ತಿ ಗೋಡೆಗೆ ಕಟ್ಟಿದಾಗ ಅಡುಗೆಮನೆ ಯಾವುದು, ಪಡಸಾಲೆ ಯಾವುದು ಅಂತ ನಮ್ಮ ಊರಿನ ಹೆಂಗಸರು ಥಟ್ ಅಂತ ಹೇಳುತ್ತಾರೆ.

ಇದನ್ನು ಯಾರೂ ಕೊಂಡುಕೊಳ್ಳುವುದಿಲ್ಲ, ಅದು ಗೊತ್ತು. ಅದಕ್ಕೇ ಅನುದಾನಕ್ಕೆ ಅರ್ಜಿ ಹಾಕಲು ಶುರುಮಾಡಿದೆ. ಒಂದು ಕಡೆಯ ಫಾರ್ಮಿನಲ್ಲಿ ‘ಫಲಾನುಭವಿಗಳ ಸಂಖ್ಯೆ’ ಅಂತ ಕಾಲಂ ಇತ್ತು. ಸವೆದ ನೆಲಕ್ಕೆ ಫಲಾನುಭವಿ ಯಾರು ರೀ? ಏನೋ ತುಂಬಬೇಕಲ್ಲ ಅಂತ, ಊರಿನ ಶಾಲೆ ಮಕ್ಕಳಿಗೆ ಕಾರ್ಯಾಗಾರ ಅಂತ ಬರೆದೆ. ದುಡ್ಡು ಬಂತು, ಕಾರ್ಯಾಗಾರವೂ ಆಯಿತು, ಮಕ್ಕಳು ಖುಷಿಯಾಗಿದ್ದರು, ಅದರಲ್ಲಿ ತಪ್ಪೇನಿಲ್ಲ. ಆದರೆ ಇದ್ದ ರಜೆಯೆಲ್ಲ ಅದಕ್ಕೇ ಹೋಯಿತು, ಅಷ್ಟರಲ್ಲಿ ನಾನು ನೋಡಿಟ್ಟಿದ್ದ ಒಂದು ದೊಡ್ಡ ವಾಡೆಯ ನೆಲವನ್ನು ಕಿತ್ತೇಬಿಟ್ಟರು. ವರದಿ ತುಂಬ ಮಕ್ಕಳ ಫೋಟೋ, ಅಚ್ಚು ಒಂದೇ ಒಂದು.

ಈಗ ಹೊಸದೇನಾದರೂ ಹೊಳೆದರೆ ಅದು ಫಾರ್ಮಿನ ಭಾಷೆಯಲ್ಲೇ ಹೊಳೆಯುತ್ತದೆ. ‘ಉದ್ದೇಶ, ವಿಧಾನ, ನಿರೀಕ್ಷಿತ ಫಲಿತಾಂಶ’. ಇದೇ ನನಗೆ ಭಯ.

ಇಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವವರು ಇದ್ದೀರಿ. ನೀವು ಹೇಗೆ ನಿಭಾಯಿಸುತ್ತೀರಿ? ಸುಮ್ನೆ ಕೂತು ಕೆಲಸ ಮಾಡು ಅಂತ ಯಾರಾದರೂ ದುಡ್ಡು ಕೊಡುತ್ತಾರಾ? ‘ನಿಷ್ಠೆ ಇದ್ದರೆ ಎಲ್ಲ ತಾನಾಗೇ ಬರುತ್ತದೆ’ ಅನ್ನುವವರು ದಯವಿಟ್ಟು ಬೇಡ.

---

ಕಾವಾ_ಹುಡುಗಿ

ನಾನು ಮೈಸೂರಿನವಳು, ಇಲ್ಲಿನ ಕಲಾ ಕಾಲೇಜು ಕಾವಾದಲ್ಲಿ ಪೇಂಟಿಂಗ್. ನನ್ನ ಅರ್ಧ ವರ್ಷದ ಬಾಡಿಗೆ ಬರುವುದು ಬೆಂಗಳೂರಿನ ಚಿತ್ರಸಂತೆಯಿಂದ. ಮೂಗು ಮುರಿಯುವವರು ಮುರಿಯಲಿ.

ಸಂತೆಗೆ ಅಂತಲೇ ಬೇರೆ ಮಾಡುತ್ತೇನೆ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಫುಟ್‌ಪಾತಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ನಿಂತಿದ್ದರೆ ಜನಕ್ಕೆ ಏನು ಬೇಕು ಅಂತ ಯಾವ ಕಾಲೇಜೂ ಕಲಿಸದಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಒಬ್ಬರು ಮೊಬೈಲಿನಲ್ಲಿ ಸೋಫಾ ಫೋಟೋ ತೋರಿಸಿ ‘ಈ ಬಣ್ಣಕ್ಕೆ ಹೊಂದೋದು ಇದೆಯಾ’ ಅಂದರು. ಇನ್ನೊಬ್ಬರು ಚದರಡಿಗೆ ಎಷ್ಟು ಅಂತ ಕೇಳಿದರು, ಸೈಟ್ ಕೇಳಿದ ಹಾಗೆ! ಆಟೋದಲ್ಲಿ ಹಿಡಿಯಬೇಕು, ಮೆಟ್ರೋದಲ್ಲಿ ತಗೊಂಡು ಹೋಗುವ ಹಾಗಿರಬೇಕು, ಅದಕ್ಕೇ ಎರಡಡಿ ಮೇಲೆ ನಾನು ಒಯ್ಯುವುದೇ ಇಲ್ಲ. ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಕುಂಕುಮದ ಗುಡ್ಡೆ, ಇವು ಖಂಡಿತ ಹೋಗುತ್ತವೆ. ಕ್ಯೂಆರ್ ಕೋಡ್ ಬಂದ ಮೇಲೆ ಚೌಕಾಸಿ ಸ್ವಲ್ಪ ಕಮ್ಮಿ ಆಗಿದೆ, ಯಾಕೆ ಅಂತ ಕೇಳಬೇಡಿ.

ಗೆರೆಗಾರ ಅವರೇ, ನಿಮ್ಮ ಭಯ ನನಗೂ ಇದೆ, ಆದರೆ ನನ್ನದು ಬೇರೆ ಕಡೆಯಿಂದ. ಫಾರ್ಮು ನಿಮ್ಮ ತಲೆಗೆ ಹೊಕ್ಕಿದೆ, ಸಂತೆ ನನ್ನ ಕೈಗೆ ಹೊಕ್ಕಿದೆ. ನನ್ನ ಸ್ವಂತದ ದೊಡ್ಡ ಕ್ಯಾನ್ವಾಸ್ ಮುಂದೆ ನಿಂತಾಗಲೂ ಕೈ ತಾನಾಗೇ ಆ ಕುಂಕುಮದ ಕೆಂಪಿಗೇ ಹೋಗುತ್ತದೆ, ಯಾಕೆಂದರೆ ಅದು ಮಾರಾಟವಾಗುವ ಕೆಂಪು ಅಂತ ಕೈಗೆ ಗೊತ್ತು. ಅದಕ್ಕೆ ಈಗ ಸಂತೆ ಮುಗಿದ ಮೇಲೆ ಸುಮಾರು ದಿನ ಬಣ್ಣ ಮುಟ್ಟುವುದಿಲ್ಲ, ಬರೀ ಪೆನ್ಸಿಲ್. ಇದಕ್ಕಿಂತ ಒಳ್ಳೆ ಉಪಾಯ ಇದ್ದರೆ ನನಗೂ ಹೇಳಿ.

---

ಹಳೇಕುಂಚ

ತಮ್ಮಾ, ಧಾರವಾಡದಿಂದ ಬರೆಯುತ್ತಿದ್ದೇನೆ. ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ್ ಆಗಿದ್ದು ನಿವೃತ್ತ. ಪೆನ್ಶನ್ನೇ ನನ್ನ ಫೆಲೋಶಿಪ್ಪು.

ನಮ್ಮ ಕಾಲದಲ್ಲಿ ಗ್ರ್ಯಾಂಟು ಅನ್ನೋ ಮಾತೇ ಇರಲಿಲ್ಲ. ಇದ್ದದ್ದು ಕ್ಯಾಂಪು, ಅಂದರೆ ಕಲಾವಿದರನ್ನು ಒಂದು ಕಡೆ ಸೇರಿಸಿ ಚಿತ್ರ ಬರೆಸುವ ಶಿಬಿರ. ಒಂದು ಕ್ಯಾಂಪಿನ ಕಥೆ ಹೇಳುತ್ತೇನೆ, ಯಾರು ನಡೆಸಿದ್ದು ಅಂತ ಹೇಳುವುದಿಲ್ಲ. ಹೋದ ಕೂಡಲೇ ಎಲ್ಲರ ಕೈಗೂ ಒಂದೇ ಅಳತೆಯ ಕ್ಯಾನ್ವಾಸ್, ಮೂರಕ್ಕೆ ಮೂರು. ಒಂದೊಂದು ಡಬ್ಬಿ ಅಕ್ರಿಲಿಕ್. ಎರಡನೇ ದಿನ ಮಧ್ಯಾಹ್ನಕ್ಕೆ ಎಲ್ಲರ ಬಿಳಿ ಬಣ್ಣವೂ ಖಾಲಿ, ಆ ಊರಲ್ಲಿ ಬೇರೆ ಅಂಗಡಿ ಇಲ್ಲ, ಆಮೇಲೆ ಹಾಕಿದ ಮೋಡಗಳೆಲ್ಲ ಹಳದಿ. ನನಗೆ ಒಂದು ಚಿತ್ರ ಕಟ್ಟಲು ತಿಂಗಳು ಬೇಕು. ಅಲ್ಲಿ ಮೂರು ದಿನದಲ್ಲಿ ಮುಗಿಸಿ, ಸಹಿ ಹಾಕಿ, ಅವರಿಗೇ ಕೊಟ್ಟು ಬರಬೇಕು. ಹಾಗೆ ಕ್ಯಾಂಪಿಗೆ ಹೋಗಿ ಹೋಗಿ ಮೂರು ದಿನದಲ್ಲಿ ಮುಗಿಯುವ ಚಿತ್ರವನ್ನೇ ಬರೆಯುವವರಾದ ಗೆಳೆಯರು ನನಗೆ ಬಹಳ ಮಂದಿ ಇದ್ದಾರೆ. ಗೌರವಧನದ ಚೆಕ್ಕು ಬಂದಾಗ ಯಾವ ಕ್ಯಾಂಪಿನದ್ದು ಅಂತ ನೆನಪಿಸಿಕೊಳ್ಳಬೇಕಾಯಿತು.

ಆದರೆ ದುಡ್ಡು ಕೊಡುವವನಿಗೂ ಬರೆಯುವವನಿಗೂ ಜಟಾಪಟಿ ಇವತ್ತಿನದಲ್ಲ. ಚಿತ್ರಕಾರ ಕೆ. ವೆಂಕಟಪ್ಪನವರನ್ನು ನೋಡಿ. ಮೈಸೂರು ಅರಮನೆಯ ಆಶ್ರಯದಲ್ಲಿದ್ದವರು. ಅರಮನೆಗೆ ಗಾರೆಯ ಉಬ್ಬುಶಿಲ್ಪ ಮಾಡಿಕೊಟ್ಟರು, ಅದರ ಸಂಭಾವನೆಯ ವಿಷಯದಲ್ಲಿ ತಕರಾರು ಬಂದಾಗ ಕೋರ್ಟಿಗೇ ಹೋದರು. ಮಹಾರಾಜರ ಕಾಲದಲ್ಲಿ ಅರಮನೆ ಮೇಲೆ ದಾವೆ! ‘ಕಲಾವಿದ ದುಡ್ಡಿನ ಮಾತಾಡಬಾರದು’ ಅನ್ನುವವರಿಗೆ ನಾನು ಯಾವಾಗಲೂ ಈ ಉದಾಹರಣೆ ಕೊಡುತ್ತೇನೆ.

ಮೈಸೂರಿನ ತಂಗಿ ಬರೆದದ್ದಕ್ಕೂ ಒಂದು ಹಳೇ ದಾರಿ ಇದೆ. 1966ರಲ್ಲಿ ಕೆ.ಸಿ.ಎಸ್. ಪಣಿಕ್ಕರ್ ಮತ್ತು ಅವರ ಶಿಷ್ಯರು ಮದ್ರಾಸಿನ ಹೊರಗೆ ಚೋಳಮಂಡಲ ಅನ್ನುವ ಕಲಾವಿದರ ಊರು ಕಟ್ಟಿದರಲ್ಲ, ನಮ್ಮ ಎಸ್.ಜಿ. ವಾಸುದೇವ್ ಅವರೂ ಅಲ್ಲಿದ್ದರು. ಅಲ್ಲಿಯವರು ಹೊಟ್ಟೆಪಾಡಿಗೆ ಬಾಟಿಕ್, ಲೋಹದ ಕೆಲಸ ಇಂಥ ಕರಕುಶಲ ವಸ್ತು ಮಾಡಿ ಮಾರುತ್ತಿದ್ದರು, ಪೇಂಟಿಂಗನ್ನು ಮಾರಾಟದ ಗೊಡವೆ ಇಲ್ಲದೆ ತಮಗೆ ಬೇಕಾದ ಹಾಗೆ ಮಾಡಿದರು. ಮಾರುವ ವಸ್ತುವೂ ಮಾರದ ವಸ್ತುವೂ ಬೇರೆ ಬೇರೆ ಸಾಮಾನು. ಅವಳು ಎರಡನ್ನೂ ಒಂದೇ ಕ್ಯಾನ್ವಾಸು ಒಂದೇ ಬಣ್ಣದಲ್ಲಿ ಮಾಡುತ್ತಿದ್ದಾಳೆ, ತೊಡಕು ಅಲ್ಲೇ ಇರಬೇಕು. ಸಂತೆಗೆ ಲಿನೋ ಪ್ರಿಂಟ್ (ಲಿನೋಲಿಯಂ ಹಾಳೆ ಕೆತ್ತಿ ತೆಗೆಯುವ ಅಚ್ಚು) ಮಾಡವ್ವಾ. ಆಟೋದಲ್ಲೂ ಹಿಡಿಯುತ್ತದೆ.

---

ರಸೀದಿ ರಾಣಿ

ನಾನು ಕಲಾವಿದೆ ಹೌದು, ಹೊಟ್ಟೆಗೆ ಬೇರೆಯವರ ಪ್ರಾಜೆಕ್ಟುಗಳ ಲೆಕ್ಕ ನೋಡಿಕೊಳ್ಳುತ್ತೇನೆ. ಅರ್ಜಿಗಳನ್ನು ಎರಡೂ ಕಡೆಯಿಂದ ನೋಡಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಗೆರೆಗಾರ, ಮೊದಲ ವಿಷಯ. ‘ಸುಮ್ನೆ ಕೂತು ಕೆಲಸ ಮಾಡು’ ಅನ್ನುವುದಕ್ಕೆ ಹತ್ತಿರದ್ದು ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್. 25ರಿಂದ 40 ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000 ರೂಪಾಯಿ. 40 ದಾಟಿದವರಿಗೆ ಸೀನಿಯರ್, 20,000. ಎರಡು ವರ್ಷ. ಅದಕ್ಕಿಂತ ಚಿಕ್ಕವರಿಗೆ, 18ರಿಂದ 25ರವರೆಗೆ, ತಿಂಗಳಿಗೆ 5,000ದ ವಿದ್ಯಾರ್ಥಿವೇತನ ಬೇರೆ ಇದೆ. ತಿಂಗಳಿಗೆ ಅಂತ ಹೇಳುತ್ತಾರೆ, ಬರುವುದು ಆರು ತಿಂಗಳ ಕಂತಿನಲ್ಲಿ. ಅಂದರೆ ಕಂತು ಬರುವವರೆಗೆ ಕೈಯಿಂದ ಹಾಕಿ ಕಾಯಬೇಕಾಗಬಹುದು. ಬೆಂಗಳೂರಿನಲ್ಲಿ 10,000 ಅಂದರೆ ಒಂದು ಕೋಣೆ ಬಾಡಿಗೆ, ಅಷ್ಟೇ. ಆದರೂ ಹಾಕಿ. ಶಾಲೆ ಕೆಲಸ ಬಿಡಬೇಡಿ.

ಎರಡನೆಯದು, ಬೆಂಗಳೂರಿನಲ್ಲೇ ಇರುವ, ಕಲೆಗೆ ಅನುದಾನ ಕೊಡುವ ಇಂಡಿಯಾ ಫೌಂಡೇಶನ್ ಫಾರ್ ದ ಆರ್ಟ್ಸ್, ಐಎಫ್ಎ. 1993ರಲ್ಲಿ ಶುರುವಾದದ್ದು. ಬಹಳ ಜನಕ್ಕೆ ಗೊತ್ತಿಲ್ಲ, ಅಲ್ಲಿಗೆ ಕನ್ನಡದಲ್ಲೇ ಪ್ರಸ್ತಾವನೆ ಬರೆಯಬಹುದು. ಇದು ಸಣ್ಣ ವಿಷಯ ಅಲ್ಲ. ನೀವು ಮೇಲೆ ಬರೆದಿದ್ದೀರಲ್ಲ, ಹೊಸ್ತಿಲ ಹತ್ತಿರ ತಗ್ಗು, ಒಲೆ ಮುಂದೆ ನುಣುಪು ಅಂತ, ಆ ಪ್ಯಾರಾವನ್ನು ಹಾಗೇ ಎತ್ತಿ ಅರ್ಜಿಯ ಮೊದಲ ಪುಟಕ್ಕೆ ಹಾಕಿ. ನನ್ನ ಮೇಜಿಗೆ ಬರುವ ಅರ್ಜಿಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನಿಂದ ಎತ್ತಿಕೊಂಡ ಪದಗಳ ಮೂಟೆ. ಸ್ಮೃತಿ, ಅಸ್ಮಿತೆ, ಪರಿಸರ, ಅಂಚಿನ ಸಮುದಾಯ, ಎಲ್ಲ ಇರುತ್ತದೆ, ಕೈಯಲ್ಲಿ ಏನು ಹಿಡಿದು ಎಲ್ಲಿ ಕೂತು ಏನು ಮಾಡುತ್ತಾರೆ ಅನ್ನುವುದು ಮಾತ್ರ ಇರುವುದಿಲ್ಲ.

ಮೂರನೆಯದಕ್ಕೆ ಹೆಚ್ಚು ಜನ ಬಲಿಯಾಗುತ್ತಾರೆ. ಬಜೆಟ್ಟಿನಲ್ಲಿ ನಿಮ್ಮ ಸಂಭಾವನೆ ಹಾಕಿದ್ದಿರಾ? ಇಲ್ಲ ಅನ್ನುವುದಕ್ಕೆ ನಾನು ಬಾಜಿ ಕಟ್ಟುತ್ತೇನೆ. ಬಟ್ಟೆ ಇಷ್ಟು, ಬಸ್ಸು ಇಷ್ಟು, ಫೋಟೋಗ್ರಾಫರ್‌ಗೆ ಇಷ್ಟು, ಟೆಂಪೋ ಇಷ್ಟು, ಚಹಾ ಇಷ್ಟು ಅಂತ ಎಲ್ಲರಿಗೂ ಬರೆದು ಕೆಲಸ ಮಾಡುವ ಮನುಷ್ಯನಿಗೆ ಸೊನ್ನೆ. ಬಾಡಿಗೆ ಮನೆಯ ಒಂದು ಮೂಲೆ ಸ್ಟುಡಿಯೋ ಆಗಿದ್ದರೆ ಅದಕ್ಕೂ ಒಂದು ಸಾಲು ಹಾಕಬಹುದು. ಬೇಡ ಅಂದರೆ ಅವರೇ ಹೊಡೆದುಹಾಕುತ್ತಾರೆ, ನೀವೇ ಯಾಕೆ ಮೊದಲೇ ಹೊಡೆದುಕೊಳ್ಳುತ್ತೀರಿ? ಇನ್ನು ಬಿಲ್ಲು. ಶಹಾಬಾದಿನಲ್ಲಿ ಇದ್ದಿಲು ಮಾರುವ ಅಜ್ಜಿ ಜಿಎಸ್‌ಟಿ ಬಿಲ್ ಕೊಡುವುದಿಲ್ಲ. ಅದಕ್ಕೆ ಸಣ್ಣ ಖರ್ಚುಗಳಿಗೆ ಕೈಬರಹದ ವೋಚರ್ ನಡೆಯುತ್ತದಾ ಅಂತ ಸಹಿ ಹಾಕುವ ಮುಂಚೆ ಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ. ಹಣ ಬಳಕೆ ಪ್ರಮಾಣಪತ್ರದ ಹೊತ್ತಿಗೆ ಕೇಳಿದರೆ ಅತ್ತರೂ ಪ್ರಯೋಜನ ಇಲ್ಲ.

ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆಯ ದುಡ್ಡು) ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ, ಈಗಲೇ ಹೇಳುತ್ತೇನೆ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು ಅಂತಿದೆ. ಯಾವುದಕ್ಕೆ ಅನ್ನುವ ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಕಲೆ ಅದರಲ್ಲಿದೆ, ಆದರೆ ಪರಂಪರೆಯ ರಕ್ಷಣೆ, ಹಳೇ ಕಟ್ಟಡಗಳ ಜೀರ್ಣೋದ್ಧಾರ, ಸಾಂಪ್ರದಾಯಿಕ ಕಲೆ ಮತ್ತು ಕರಕುಶಲ ಅಂತ. ಇವತ್ತು ಬದುಕಿರುವ ಒಬ್ಬ ಕಲಾವಿದ ಇವತ್ತಿನ ಕೆಲಸ ಮಾಡಲು ಅನ್ನುವುದು ಅಲ್ಲಿ ಸಲೀಸಾಗಿ ಹೊಂದುವುದಿಲ್ಲ. ಅದಕ್ಕೇ ಆ ದುಡ್ಡು ಕಟ್ಟಡಕ್ಕೆ ಹೋಗುತ್ತದೆ, ಶಾಲೆಗೆ ಹೋಗುತ್ತದೆ, ನಿಮ್ಮ ಇದ್ದಿಲಿಗೆ ಬರುವುದಿಲ್ಲ. ಯಾರ ಮೇಲೂ ಸಿಟ್ಟು ಮಾಡಿಕೊಂಡು ಉಪಯೋಗ ಇಲ್ಲ.

ಫಲಾನುಭವಿ ಕಾಲಂ ಇರುವ ಫಾರ್ಮು ಕಲೆಗೆ ಮಾಡಿದ್ದಲ್ಲ. ಅಲ್ಲಿಗೆ ನೆಲದ ಅಚ್ಚು ತಗೊಂಡು ಹೋಗಲೇಬೇಡಿ, ಹೋಗುವುದಾದರೆ ಮಕ್ಕಳ ಪಾಠದ ಯೋಜನೆಯನ್ನೇ ಬೇರೆ ಮಾಡಿ ಒಯ್ಯಿರಿ. ಮೇಷ್ಟ್ರಾಗಿ ಅದೂ ನಿಮಗೆ ಬರುತ್ತದಲ್ವಾ.

---

ಸುಮ್ನೆ ಕೇಳ್ದೆ

ಬೈಯಬೇಡಿ. ನಾನು ಕಲಾವಿದ ಅಲ್ಲ, ಎಕ್ಸಿಬಿಶನ್ ನೋಡುತ್ತೇನೆ ಅಷ್ಟೇ. ಯಾರೂ ಕೊಳ್ಳದ ಕೆಲಸಕ್ಕೆ ನನ್ನ ತೆರಿಗೆ ದುಡ್ಡು ಯಾಕೆ ಕೊಡಬೇಕು? ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಮೊಸಳೆಯ ಪ್ರತಿಕೃತಿ ಬಿಟ್ಟಾಗ ಯಾವ ಅನುದಾನ ಬಂದಿತ್ತು? ಊರೆಲ್ಲ ನೋಡಿತು, ಗುಂಡಿಯೂ ಮುಚ್ಚಿತು.

---

ಹಳೇಕುಂಚ

ಅದು ಅವರು ಕೈಯಿಂದ ದುಡ್ಡು ಹಾಕಿ ಮಾಡಿದ್ದಪ್ಪಾ. 2015ರಲ್ಲಿ. ನಗರಪಾಲಿಕೆ ಮಾಡಬೇಕಾದ ಕೆಲಸಕ್ಕೆ ಕಲಾವಿದ ಕೈಯಿಂದ ಹಾಕಿದ, ನೀನು ಅದನ್ನೇ ಪುಕ್ಕಟೆ ಮಾಡಿಸುವುದಕ್ಕೆ ಉದಾಹರಣೆ ಕೊಡುತ್ತೀಯಲ್ಲ!

---

ಕಾವಾ_ಹುಡುಗಿ

@ಸುಮ್ನೆ ಕೇಳ್ದೆ, ಪ್ರಶ್ನೆ ಸರಿಯಾಗೇ ಇದೆ, ನಾನೇನು ಬೈಯುವುದಿಲ್ಲ. ಕೊಳ್ಳುವವರು ಯಾವಾಗ ಬರುತ್ತಾರೆ ಅನ್ನುವುದನ್ನು ನೋಡಿ. ನಮ್ಮ ಊರಿನ ಎನ್.ಎಸ್. ಹರ್ಷ ಅವರಿಗೆ 2008ರಲ್ಲಿ ಕಾರ್ಡಿಫ್‌ನಲ್ಲಿ ಆರ್ಟೆಸ್ ಮುಂಡಿ ಕಲಾ ಪ್ರಶಸ್ತಿ ಬಂತು, 40,000 ಪೌಂಡ್. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸಗಣಿ, ದಾರ, ಸೂಜಿ, ಕುಂಕುಮ ಹಿಡಿದು ಕೆಲಸ ಮಾಡುತ್ತಿದ್ದದ್ದು ತೊಂಬತ್ತರ ದಶಕದಲ್ಲಿ. ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂದದ್ದು 2019ರಲ್ಲಿ. ಸಗಣಿಯ ಶಿಲ್ಪವನ್ನು ಆಗ ಕುಮಾರಕೃಪಾ ರಸ್ತೆಯಲ್ಲಿ ಇಟ್ಟಿದ್ದರೆ ನೀವು ಕೊಳ್ಳುತ್ತಿದ್ದಿರಾ? ನಾನಂತೂ ಕೊಳ್ಳುತ್ತಿರಲಿಲ್ಲ. ಆ ನಡುವಿನ ವರ್ಷಗಳನ್ನು ದಾಟಿಸುವುದು ಹೇಗೆ ಅನ್ನುವುದೇ ಇಲ್ಲಿನ ಪ್ರಶ್ನೆ.

ಇನ್ನೊಂದು. ಸರ್ಕಾರದ ದುಡ್ಡು ಅಂದರೆ ಬರೀ ಕೈಗೆ ಕೊಡುವ ದುಡ್ಡಲ್ಲ, ಜಾಗವೂ ದುಡ್ಡೇ. 2016ರಲ್ಲಿ ಬೆಂಗಳೂರಿನ ಸರ್ಕಾರಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಮಾತು ಬಂದಾಗ ಕಲಾವಿದರು ಕಸ್ತೂರ್‌ಬಾ ರಸ್ತೆಯಲ್ಲಿ ಬೀದಿಗಿಳಿದದ್ದು ಅದಕ್ಕೇ. ನನ್ನಂಥವಳು ಮೊದಲ ಪ್ರದರ್ಶನ ಮಾಡುವುದು ಕಮ್ಮಿ ಬಾಡಿಗೆಯ ಸರ್ಕಾರಿ ಗೋಡೆಯ ಮೇಲೆ. ಖಾಸಗಿ ಗ್ಯಾಲರಿ ಮಾರಿದ್ದರಲ್ಲಿ ಮೂರನೇ ಒಂದು ಪಾಲು, ಕೆಲವು ಕಡೆ ಅರ್ಧವೂ ತಗೊಳ್ಳುತ್ತದೆ, ಅದೂ ನಮ್ಮನ್ನು ಒಳಗೆ ಬಿಟ್ಟುಕೊಂಡರೆ.

ಲಿನೋ ಐಡಿಯಾ ಚೆನ್ನಾಗಿದೆ ಸರ್. ಪ್ರೆಸ್ ಇಲ್ಲ, ಚಮಚದ ಬೆನ್ನಲ್ಲಿ ಉಜ್ಜಿ ನೋಡುತ್ತೇನೆ.

---

ರಸೀದಿ ರಾಣಿ

ಪ್ರಿಂಟ್ ಮಾಡುವವರಿಗೆ: ಲಲಿತ ಕಲಾ ಅಕಾಡೆಮಿಯ ಚೆನ್ನೈ ಪ್ರಾದೇಶಿಕ ಕೇಂದ್ರದಲ್ಲಿ ಗ್ರಾಫಿಕ್ (ಅಚ್ಚಿನ ಕಲೆ), ಸೆರಾಮಿಕ್, ಶಿಲ್ಪದ ಸ್ಟುಡಿಯೋಗಳಿವೆ, ಹೊರಗಿನ ಕಲಾವಿದರೂ ಕಮ್ಮಿ ಶುಲ್ಕಕ್ಕೆ ಕೆಲಸ ಮಾಡಬಹುದು. ಮತ್ತೆ ಪೇಂಟಿಂಗ್, ಶಿಲ್ಪಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ. ವಸ್ತು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ಸಾಮಾನ್ಯವಾಗಿ ನೋಂದಣಿಯೇ ಬೇಡ. ನಮ್ಮಲ್ಲಿ 40 ಲಕ್ಷ ದಾಟುವವರು ಯಾರಿದ್ದೀರೋ ಅವರು ಎಲ್ಲರಿಗೂ ಕಾಫಿ ಕೊಡಿಸಿ.

---

ಗೆರೆಗಾರ

ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ರಾಣಿ ಮೇಡಂ, ನೀವು ಬಾಜಿ ಗೆದ್ದಿರಿ, ನನ್ನ ಸಂಭಾವನೆ ಸೊನ್ನೆಯೇ ಇತ್ತು.

ಹೀಗೆ ಮಾಡೋಣ ಅಂತಿದ್ದೇನೆ. ಜೂನಿಯರ್ ಫೆಲೋಶಿಪ್ಪಿಗೆ ಹಾಕುತ್ತೇನೆ. ಐಎಫ್ಎಗೆ ಕನ್ನಡದಲ್ಲೇ ಬರೆಯುತ್ತೇನೆ, ಅಲ್ಲಿ ಕಾರ್ಯಾಗಾರದ ಸುದ್ದಿಯೇ ಇಲ್ಲ. ಅಷ್ಟರವರೆಗೆ ಯಾವುದಕ್ಕೂ ಕಾಯದೆ, ದಸರಾ ರಜೆಯಲ್ಲಿ ಚಿತ್ತಾಪುರದ ಹತ್ತಿರ ಒಂದು ಮನೆ ಇದೆ, ದೀಪಾವಳಿ ಆದ ಮೇಲೆ ಕೆಡವುತ್ತಾರಂತೆ, ಅದನ್ನು ಮುಗಿಸುತ್ತೇನೆ. ಬಟ್ಟೆಗೆ ಸಂಬಳದಲ್ಲೇ ಹೊಂದಿಸಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಒಂದು ತಾಂತ್ರಿಕ ತೊಂದರೆ. ಸುತ್ತಿಟ್ಟ ಬಟ್ಟೆ ಬಿಚ್ಚಿದಾಗ ಅರ್ಧ ಇದ್ದಿಲು ಉದುರಿರುತ್ತದೆ. ಇದ್ದಿಲು ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ಡಬ್ಬಿ ಇಷ್ಟು ದೊಡ್ಡ ಬಟ್ಟೆಗೆ ನನ್ನ ಕೈಗೆಟಕುವುದಿಲ್ಲ. ಹೇರ್ ಸ್ಪ್ರೇ ಹೊಡೆದು ನೋಡಿದೆ, ವರ್ಷದಲ್ಲಿ ಹಳದಿ ತಿರುಗಿತು.

---

ಹಳೇಕುಂಚ

ಕೆನೆ ತೆಗೆದ ಹಾಲಿಗೆ ನೀರು ಬೆರೆಸಿ, ಸೋಸಿ, ಸಣ್ಣ ಸ್ಪ್ರೇ ಬಾಟಲಿಯಲ್ಲಿ ದೂರದಿಂದ ಹೊಡಿ. ಹತ್ತಿರ ಹೋದರೆ ಹನಿ ಬಿದ್ದು ಕಲೆ ಆಗುತ್ತದೆ. ನಾವು ಕಾಗದದ ಮೇಲೆ ಹಾಗೇ ಮಾಡುತ್ತಿದ್ದೆವು, ಮಲ್ ಬಟ್ಟೆ ಮೇಲೆ ಮೊದಲು ತುಂಡಿನಲ್ಲಿ ನೋಡಿಕೋ. ಪೂರ್ತಿ ಒಣಗುವವರೆಗೆ ಸುತ್ತಬೇಡ, ನಡುವೆ ಹಳೇ ಪೇಪರ್ ಬೇಡ, ಶಾಯಿ ಹತ್ತುತ್ತದೆ, ಬಟರ್ ಪೇಪರ್ ಹಾಕು. ಆ ಹಾಲನ್ನೂ ಬಜೆಟ್ಟಿನಲ್ಲಿ ಬರಿ, ಮೇಡಂ ಹೇಳಿದ ಹಾಗೆ.

---

ರಸೀದಿ ರಾಣಿ

ಹಾಲಿಗೆ ಬಿಲ್ ಸಿಗುತ್ತದೆ. ನಂದಿನಿ ಬೂತಿನಲ್ಲಿ ಕೇಳಿ ತಗೊಳ್ಳಿ.